ಮುತ್ಯಾನ ಹೆಸರಿಗೆ ನಾಚುವವರಿಗೆ ನಾಲ್ಕು ಮಾತು

ಕನ್ನಡನಾಡು ಒಂದಾಗಬೇಕೆಂದು ಹೆಣಗಿದ ಹಿರಿಯರು ನೆಲದ ಮೇಲಿನ ಗೆರೆಗಳನ್ನು ಅಳಿಸಿದರು. ೧೯೪೮ನೆಯ ಸಪ್ಟೆಂಬರ ೧೭ಕ್ಕೆ ನಿಜಾಮನ ಆಳಿಕೆಯು ಕೊನೆಗಂಡಿತು. ೧೯೫೬ನೆಯ ನವ್ಹೆಂಬರ ೧ಕ್ಕೆ ಆಳಂದ, ಅಫಜಲಪುರ, ಜೇವರ್ಗಿಗಳು ಧಾರವಾಡ ಮೈಸೂರುಗಳೊಡನೆ ಒಂದೇ ರಾಜ್ಯದಲ್ಲಿ ಕೂಡಿದವು. ೧೯೭೩ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ೨೦೧೪ರಲ್ಲಿ ಗುಲಬರ್ಗಾ ಎಂಬ ಬರಹವು ಹೋಗಿ ಕಲಬುರಗಿ ಎಂಬುದು ಸರಕಾರದ ಕಡತದಲ್ಲಿಯೂ ನಿಂತಿತು. ೨೦೧೯ರಲ್ಲಿ ಹೈದರಾಬಾದ ಕರ್ನಾಟಕವು ಕಲ್ಯಾಣ ಕರ್ನಾಟಕವೆನಿಸಿತು. ನಾಡಿಗೆ ತನ್ನ ಹೆಸರು ಬಂದಿತು. ಊರಿಗೆ ತನ್ನ ಹೆಸರು ಬಂದಿತು. ಆದರೆ ಆ ಊರಿನ ಮನೆಮನೆಯಲ್ಲಿ ತೊಟ್ಟಿಲ ಕೂಸಿನ ಕಿವಿಯಲ್ಲಿ ಉಸುರುತ್ತಿದ್ದ ಹೆಸರು ಮಾತ್ರ ಸದ್ದಿಲ್ಲದೆ ಹೊರಟುಹೋಗುತ್ತಲಿದೆ. ಪರಕೀಯನು ಕಸಿದುಕೊಂಡ ಹೆಸರಿಗಾಗಿ ಹೋರಾಡಿದ ಜನವು, ತಾನಾಗಿ ಎಸೆಯುವ ಹೆಸರಿಗಾಗಿ ಒಂದು ನಿಟ್ಟುಸಿರನ್ನೂ ಬಿಡುವದಿಲ್ಲವೆಂದರೆ ಇದಕ್ಕೆ ಏನೆನ್ನಬೇಕು?

ಈ ಮೂರು ತಾಲೂಕುಗಳ ಯಾವ ಮನೆತನದ ವಂಶಾವಳಿಯನ್ನಾದರೂ ಬಿಚ್ಚಿ ನೋಡಿರಿ. ಶರಣಪ್ಪ, ಸಿದ್ರಾಮಪ್ಪ, ಭಾಗಪ್ಪ, ಪೀರಪ್ಪ, ತಿಪ್ಪಣ್ಣ, ಗುಂಡಪ್ಪ, ಸಾಯಬಣ್ಣ, ಅಂಬಾರಾಯ, ಭೀಮಶ್ಯಾ, ರೇವಣಸಿದ್ದಪ್ಪ, ದೇವಿಂದ್ರಪ್ಪ, ರಾಚಣ್ಣ; ನೀಲವ್ವ, ಭಾಗಮ್ಮ, ಶರಣಮ್ಮ, ಹೊನ್ನಮ್ಮ, ಜಗದೇವಿ, ಸಾಕವ್ವ. ಅದೇ ಮನೆತನದ ಕೊನೆಯ ಸಾಲನ್ನು ಓದಿರಿ: ಆರವ, ವಿಹಾನ, ಆರ್ಯನ್, ರೆಯಾಂಶ, ಕಿಯಾರಾ. ಮೇಲಿನ ಹೆಸರುಗಳನ್ನು ಕೇಳಿದೊಡನೆ ಇವನು ಭೀಮಾತೀರದವನೆಂದು ಹೇಳಬಹುದು. ಕೆಳಗಿನ ಹೆಸರುಗಳನ್ನು ಕೇಳಿದರೆ ಕೂಸು ಆಳಂದದ್ದೋ, ಅಹಮದಾಬಾದದ್ದೋ, ಅಮೇರಿಕೆಯದೋ ಎಂದು ಬ್ರಹ್ಮನೂ ಹೇಳಲಾರನು. ಮೂರು ತಲೆಮಾರುಗಳಲ್ಲಿ ಇಷ್ಟು ದೂರ ಹೋದೆವು. ಇದನ್ನು ಮುಂದುವರಿಕೆಯೆನ್ನುವರು, ವಿಳಾಸ ಕಳೆದುಕೊಂಡ ಅಂಚೆಯೆಂದು ನಾನೆನ್ನುವೆನು.

ಮೊದಲು ಈ ಹೆಸರುಗಳಲ್ಲಿ ಏನಿದೆಯೆಂಬುದನ್ನು ನೋಡೋಣ. ಅವು ಕಿವಿಗೆ ಇಂಪಾಗಲೆಂದು ಪುಸ್ತಕದಿಂದ ಆರಿಸಿದವುಗಳಲ್ಲ. ಒಂದೊಂದು ಹೆಸರೂ ಒಂದೊಂದು ಊರಿಗೆ, ಒಂದು ಗದ್ದುಗೆಗೆ, ಒಂದು ಜಾತ್ರೆಗೆ, ಒಂದು ಹರಕೆಗೆ ಕಟ್ಟಿದ ಹಗ್ಗ. ಜೇವರ್ಗಿ ತಾಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿ, ಕಲಬುರಗಿಯಲ್ಲಿ ದಾಸೋಹ ನಡೆಸಿ, ೧೮೨೨ರಲ್ಲಿ ಲಿಂಗೈಕ್ಯರಾದ ಶರಣಬಸಪ್ಪನವರ ಹೆಸರು ಈ ಸೀಮೆಯ ಸಾವಿರ ತೊಟ್ಟಿಲುಗಳಲ್ಲಿ ಶರಣಪ್ಪನಾಯಿತು, ಶರಣಮ್ಮನಾಯಿತು, ಶರಣಗೌಡನಾಯಿತು. ಅಖಂಡೇಶ್ವರನೆಂಬ ಅಂಕಿತದಲ್ಲಿ ವಚನ ನುಡಿದ ಷಣ್ಮುಖ ಶಿವಯೋಗಿಗಳು ಜೇವರ್ಗಿಯವರು. ಅವರಿಂದ ಷಣ್ಮುಖಪ್ಪರು ಬಂದರು. ಅಫಜಲಪುರ ತಾಲೂಕಿನ ಘತ್ತರಗಿಯಲ್ಲಿ ಭೀಮೆಯ ದಂಡೆಗೆ ನಿಂತ ಭಾಗ್ಯವಂತಿಯು ಭಾಗಪ್ಪ ಭಾಗಮ್ಮರನ್ನು ಕೊಟ್ಟಳು. ಅದೇ ತಾಲೂಕಿನ ಗಾಣಗಾಪುರದಲ್ಲಿ, ಭೀಮಾ ಅಮರ್ಜಾ ನದಿಗಳು ಕೂಡುವಲ್ಲಿ, ನೃಸಿಂಹ ಸರಸ್ವತಿಗಳು ನೆಲೆಸಿದ್ದರಿಂದ ದತ್ತಪ್ಪ ನರಸಪ್ಪರಾದರು. ನದಿಯೇ ಒಂದು ಹೆಸರಾಗಿ ಭೀಮರಾಯ, ಭೀಮಣ್ಣ, ಭೀಮಬಾಯಿಯರಾದರು. ಶ್ರೀಶೈಲಕ್ಕೆ ನಡೆದುಹೋಗಿ ಬಂದವನು ಮಗನಿಗೆ ಪರ್ವತಪ್ಪನೆಂದನು. ತುಳಜಾಪುರದ ಅಂಬೆಗೆ ಹರಕೆ ಹೊತ್ತವನು ಅಂಬಾರಾಯನೆಂದನು.

ಇನ್ನು ಹಿಂದೆ ಹೋಗೋಣ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ನಮ್ಮ ಆಳಂದವು ಅಲಂದೆಯೆನಿಸಿದ್ದಿತು. ೧೨ನೆಯ ಶತಮಾನದ ಏಕಾಂತದ ರಾಮಯ್ಯನು ಆ ಅಲಂದೆಯವನೆಂದು ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವು ಸಾರುತ್ತದೆ. ಅವನ ತಂದೆ ಪುರುಷೋತ್ತಮಭಟ್ಟ, ತಾಯಿ ಪದ್ಮಾಂಬಿಕೆ. ಮಗನು ಮಾತ್ರ ಜನದ ಬಾಯಲ್ಲಿ ರಾಮಯ್ಯ. ಏಕನಿಷ್ಠೆಯಿಂದ ಶಿವನನ್ನು ಒಲಿಸಿದ್ದಕ್ಕೆ 'ಏಕಾಂತದ' ಎಂಬ ಮನ್ನಣೆ. ಎಂಟು ನೂರು ವರ್ಷಗಳ ಹಿಂದಿನ ಆಳಂದದ ಒಬ್ಬ ಮನುಷ್ಯನನ್ನು ಇಂದಿಗೂ ಗುರುತಿಸಬಲ್ಲೆವು. ಏಕೆ? ಅವನ ಹೆಸರನ್ನು ಬರೆದವರು ಊರ ಬಾಯಲ್ಲಿದ್ದಂತೆಯೇ ಬರೆದರು, ನಾಚಲಿಲ್ಲ. ಮಾಚಯ್ಯ, ಕೇತಯ್ಯ, ಬೊಮ್ಮಯ್ಯ, ಕಕ್ಕಯ್ಯ, ಚಂದಯ್ಯ, ಲಕ್ಕಮ್ಮ ಎಂಬ ಶರಣರ ಹೆಸರುಗಳು ಎಲ್ಲಿ ಹೋದವು? ಅರಸಿಯರೂ ಹೀಗೆಯೇ ಇದ್ದರು. ಚಾಲುಕ್ಯ ಒಂದನೆಯ ಸೋಮೇಶ್ವರನ ರಾಣಿಯರ ಹೆಸರು ಮೈಲಲದೇವಿ, ಕೇತಲದೇವಿ. ಇಂದು ಮೈಲವ್ವ ಕೇತವ್ವರೆಂದರೆ ಮೂಗು ಮುರಿಯುವ ನಾಗರಿಕರು, ಆ ಹೆಸರಿನವರು ಸಿಂಹಾಸನದ ಮಗ್ಗುಲಲ್ಲಿ ಕುಳಿತು ಅಗ್ರಹಾರಗಳನ್ನು ಆಳಿದ್ದರೆಂಬುದನ್ನು ಮರೆತಿದ್ದಾರೆ.

ಇಲ್ಲಿ ಗಡಿಯ ಮಾತು ತಾನಾಗಿ ಬರುತ್ತದೆ. ಆಳಂದ ಅಫಜಲಪುರಗಳಲ್ಲಿ ಸಿದ್ರಾಮಪ್ಪನಿಲ್ಲದ ಹಳ್ಳಿ ಸಿಕ್ಕುವದು ಕಷ್ಟ. ಆ ಸಿದ್ಧರಾಮನು ಯಾವ ಊರವನು? ಸೊನ್ನಲಿಗೆಯವನು, ಎಂದರೆ ಸೋಲಾಪುರದವನು. ಕನ್ನಡದಲ್ಲಿ ವಚನ ಹೇಳಿದ ಶಿವಯೋಗಿಯ ಗದ್ದುಗೆಯು ಗಡಿಯ ಆಚೆ ಉಳಿಯಿತು. ಅವನ ಹೆಸರು ಈಚೆಯ ಮನೆಮನೆಯಲ್ಲಿ ಉಳಿಯಿತು. ಕುರುಬರಲ್ಲಿ ಬೀರಪ್ಪ, ಮಾಳಿಂಗರಾಯ, ಅಮೋಗಿಗಳೆಂಬ ಹೆಸರುಗಳನ್ನು ಕೇಳುತ್ತೀರಿ. ಮಾಳಿಂಗರಾಯನ ಹುಲಜಂತಿಯು ಮಂಗಳವೇಢೆ ತಾಲೂಕಿನಲ್ಲಿದೆ. ದೀಪಾವಳಿಯ ಜಾತ್ರೆಗೆ ಇಲ್ಲಿಯ ಜನವು ಇಂದಿಗೂ ಅಲ್ಲಿಗೆ ಹೋಗುತ್ತದೆ. ೧೯೫೬ರಲ್ಲಿ ಎಳೆದ ಗೆರೆಯು ಅಕ್ಕಲಕೋಟೆಯನ್ನು ಆಳಂದದೊಡನೆ ಕೂಡಿಸದೆ ಆಚೆಯೇ ಉಳಿಸಿತು. ಮಹಾಜನ ಆಯೋಗವು ೧೯೬೭ರಲ್ಲಿ ಅಕ್ಕಲಕೋಟೆಯು ಕರ್ನಾಟಕಕ್ಕೆ ಸೇರತಕ್ಕದ್ದೆಂದು ವರದಿಯಿತ್ತಿತು. ಆ ವರದಿಯು ಜಾರಿಗೆ ಬರಲಿಲ್ಲ. ಆದರೆ ಗೆರೆಯ ಎರಡೂ ಮಗ್ಗುಲಿಗೆ ಸಿದ್ರಾಮಪ್ಪನು ಸಿದ್ರಾಮಪ್ಪನೇ. ಶಂ. ಬಾ. ಜೋಶಿಯವರು ಊರ ಹೆಸರುಗಳನ್ನು ಆಧಾರವಾಗಿಟ್ಟು 'ಎಡೆಗಳು ಹೇಳುವ ಕಂನಾಡ ಕಥೆ'ಯನ್ನು ಬರೆದರು. ಊರ ಹೆಸರು ಸಾಕ್ಷಿಯಾಗುವದಾದರೆ ಆಳಿನ ಹೆಸರೇಕೆ ಸಾಕ್ಷಿಯಾಗಲಾರದು? ಅದು ನಡೆದಾಡುವ ಶಾಸನ. ಅಕ್ಕಲಕೋಟೆಯ ಸಿದ್ರಾಮಪ್ಪನು ಅಲ್ಲಿಯ ಶಾಲೆಯ ಒತ್ತಾಯಕ್ಕೆ ಹೆಸರು ಬದಲಿಸಿದರೆ ಅಯ್ಯೋ ಎನ್ನುತ್ತೇವೆ. ಯಾರ ಒತ್ತಾಯವೂ ಇಲ್ಲದ ಆಳಂದದ ಸಿದ್ರಾಮಪ್ಪನ ಮೊಮ್ಮಗನು ಸಿಡ್ ಎನಿಸಿಕೊಂಡರೆ ನಗುತ್ತ ಕರೆಯುತ್ತೇವೆ. ಗಡಿಯಾಚೆಯ ಕನ್ನಡಿಗನ ಕಷ್ಟಕ್ಕೆ ಮರುಗುವ ಹಕ್ಕನ್ನು ಹೀಗೆ ನಡೆದು ಉಳಿಸಿಕೊಳ್ಳಬಹುದೇ?

ಈ ಹೆಸರುಗಳು ಒಂದು ಮತದ ಸ್ವತ್ತೆಂದು ಯಾರೂ ತಿಳಿಯತಕ್ಕದ್ದಲ್ಲ. ಕಲಬುರಗಿಯ ಬಂದೇನವಾಜರ, ಆಳಂದದ ಲಾಡ್ಲೇ ಮಶಾಯಿಕರ ದರ್ಗೆಗಳಿಗೆ ನಡೆದುಕೊಂಡವರಲ್ಲಿ ಹಿಂದೂಗಳೂ ಇದ್ದಾರೆ. ಪೀರನ ಹರಕೆಯಿಂದ ಹುಟ್ಟಿದವನು ಪೀರಪ್ಪ. ಮೊಹರಮ್ಮಿನ ಹರಕೆಯವನು ಹುಸೇನಪ್ಪ. ಫಕೀರನ ಜೋಳಿಗೆಗೆ ಹಾಕಿ ಮರಳಿ ಪಡೆದವನು ಫಕೀರಪ್ಪ. ಸಾಹೇಬನೆಂಬ ಶಬ್ದಕ್ಕೆ ಅಣ್ಣನು ಕೂಡಿ ಸಾಯಬಣ್ಣ. ಕನ್ನಡದ ಅಪ್ಪನು ಎಂಥ ದೊಡ್ಡ ಹೊಟ್ಟೆಯವನೆಂಬುದನ್ನು ನೋಡಿರಿ. ಅರಬಸ್ತಾನದ ಹುಸೇನನನ್ನು ಹುಸೇನಪ್ಪನನ್ನಾಗಿಯೂ, ಬೈಬಲಿನ ದಾನಿಯೇಲನನ್ನು ದಾನಿಯೇಲಪ್ಪನನ್ನಾಗಿಯೂ ಅವನು ಮಾಡಿಕೊಂಡನು. ಸರ್ವಜ್ಞನ ವಚನಗಳನ್ನು ನಾಡಿಗೆ ಕೂಡಿಸಿಕೊಟ್ಟ ಉತ್ತಂಗಿಯವರು ಕ್ರೈಸ್ತ ಪಾದ್ರಿಗಳು. ದಾನಿಯೇಲಪ್ಪನವರ ಮಗ ಚನ್ನಪ್ಪನವರು. ನಿಜಾಮನ ಆಳಿಕೆ ಹೋದ ಮರುವರುಷ, ೧೯೪೯ರಲ್ಲಿ, ಕಲಬುರಗಿಯಲ್ಲಿ ನೆರೆದ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದವರು ಈ ಚನ್ನಪ್ಪನವರೇ. ಮತವನ್ನು ಬೇರೆ ಇಟ್ಟುಕೊಂಡೂ ಹೆಸರಿನಲ್ಲಿ ಕನ್ನಡಿಗನಾಗಿರಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ದೃಷ್ಟಾಂತ ಬೇಡ. ಇಂದು ಪೀರಪ್ಪನ ಮೊಮ್ಮಗನಿಗೆ ಮುತ್ಯಾನ ಹೆಸರನ್ನು ಹೇಳಲು ಎರಡು ನಾಚಿಕೆಗಳು: ಒಂದು, ಅದು ಹಳ್ಳಿಯದೆಂದು, ಮತ್ತೊಂದು, ಅದು ಪೀರನದೆಂದು. ಎರಡನೆಯ ನಾಚಿಕೆಯು ಮೊದಲನೆಯದಕ್ಕಿಂತ ಹೆಚ್ಚು ಕೇಡಿನದು. ನೂರಾರು ವರುಷ ಒಂದೇ ಬಾವಿಯ ನೀರು ಕುಡಿದದ್ದಕ್ಕೆ ಈ ಹೆಸರು ಕಾಗದವಿಲ್ಲದ ಕರಾರುಪತ್ರ.

ಈಗ ಎದುರು ಪಕ್ಷದವರ ಆಕ್ಷೇಪಗಳನ್ನು ಒಂದೊಂದಾಗಿ ವಿಚಾರಿಸುವೆನು.

ಮೊದಲನೆಯ ಆಕ್ಷೇಪ: ಈ ಹೆಸರುಗಳ ಅರ್ಥವು ಹೀನವಾದದ್ದು. ತಿಪ್ಪೆಯಿಂದ ತಿಪ್ಪಣ್ಣ, ಕಲ್ಲುಗುಂಡಿನಿಂದ ಗುಂಡಪ್ಪ, ಹುಚ್ಚಿನಿಂದ ಹುಚ್ಚಪ್ಪ, ಅಡವಿಯಿಂದ ಅಡವೆಪ್ಪ. ಇಂಥ ಹೆಸರನ್ನು ಮಗುವಿಗೆ ಇಡುವದೆಂತು? ಎಲೈ ಮಹನೀಯರೇ, ಈ ಹೆಸರನ್ನು ಯಾರು, ಯಾವಾಗ ಇಟ್ಟರೆಂಬುದನ್ನು ವಿಚಾರಿಸಿದಿರಾ? ಹುಟ್ಟಿದ ಕೂಸುಗಳು ಒಂದರ ಹಿಂದೊಂದು ಮಣ್ಣುಪಾಲಾದ ಮನೆಯಲ್ಲಿ, ಮತ್ತೊಂದು ಕೂಸು ಹುಟ್ಟಿದಾಗ, ತಾಯಿಯು ಅದನ್ನು ತಿಪ್ಪೆಯ ಮೇಲೆ ಉರುಳಿಸಿ ಎತ್ತಿಕೊಂಡಳು. ಇದು ನನ್ನದಲ್ಲ, ಕಸದಲ್ಲಿ ಸಿಕ್ಕದ್ದು, ಮೃತ್ಯುವೇ, ಇದರ ಮೇಲೆ ಕಣ್ಣು ಹಾಕಬೇಡವೆಂದು ಅವಳು ಬೇಡಿಕೊಂಡಳು. ದವಾಖಾನೆ ಇಲ್ಲದ, ಲಸಿಕೆ ಇಲ್ಲದ ಕಾಲದಲ್ಲಿ ಅವಳ ಕೈಯಲ್ಲಿದ್ದ ಔಷಧವೆಂದರೆ ಅದೊಂದು ಹೆಸರು. ಆ ಹೆಸರಿನಲ್ಲಿ ಹೀನವಾದದ್ದೇನಿದೆ? ಅದರಲ್ಲಿ ಸತ್ತ ಮಕ್ಕಳ ಲೆಕ್ಕವಿದೆ, ಬದುಕಿದ ಮಗನ ಬೆಲೆಯಿದೆ. ತಿಪ್ಪಣ್ಣನು ಬದುಕಿದ್ದರಿಂದಲೇ ಅವನ ಮೊಮ್ಮಗನು ಇಂದು ಬೆಂಗಳೂರಿನಲ್ಲಿ ಕುರ್ಚಿಯ ಮೇಲೆ ಕುಳಿತು ತಿಪ್ಪಣ್ಣನೆಂದರೆ ನಗುತ್ತಿದ್ದಾನೆ.

ಸಾಕವ್ವನ ಹೆಸರು ಬೇರೆ ಜಾತಿಯದು. ಹೆಣ್ಣು ಹುಟ್ಟಿದ್ದು ಸಾಕೆಂದು ಇಟ್ಟ ಹೆಸರದು. ಅದನ್ನು ಮುಂದುವರಿಸಿರೆಂದು ನಾನು ಹೇಳಲಾರೆನು. ಆದರೆ ವಂಶಾವಳಿಯಿಂದ ಅದನ್ನು ಅಳಿಸಲೂ ಬಿಡೆನು. ನಮ್ಮ ಹಿರಿಯರು ಹೆಣ್ಣಿಗೆ ಮಾಡಿದ ಅನ್ಯಾಯವೂ ನಮ್ಮ ಇತಿಹಾಸವೇ. ಸಾಕವ್ವನ ಹೆಸರನ್ನು ಮುಚ್ಚಿಟ್ಟರೆ ಅನ್ಯಾಯವು ಇಲ್ಲದಂತಾಗುವದಿಲ್ಲ. ಅದನ್ನು ನೆನೆಯುವ ಸಾಕ್ಷಿಯು ಇಲ್ಲದಂತಾಗುವದು.

ಎರಡನೆಯ ಆಕ್ಷೇಪವು ಪಂಡಿತರದು: ಇವು ಕೆಟ್ಟುಹೋದ ಹೆಸರುಗಳು, ಬ್ರಹ್ಮನು ಬೊಮ್ಮನಾದನು, ರಾಜನು ರಾಚನಾದನು, ಲಕ್ಷ್ಮಿಯು ಲಕ್ಕಮ್ಮನಾದಳು, ಲಿಂಗಪ್ಪನು ನಿಂಗಪ್ಪನಾದನು, ಅಪಭ್ರಂಶವನ್ನು ಬಿಟ್ಟು ಶುದ್ಧರೂಪಕ್ಕೆ ಹೋದರೆ ತಪ್ಪೇನು? ಈ ಪಂಡಿತರು ತಮ್ಮ ವ್ಯಾಕರಣವನ್ನೇ ಮರೆತಿರುವರು. ಕೇಶಿರಾಜನು ೧೩ನೆಯ ಶತಮಾನದಲ್ಲಿ ಬರೆದ 'ಶಬ್ದಮಣಿದರ್ಪಣ'ದಲ್ಲಿ ತದ್ಭವಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿರಿಸಿದನು. ಕನ್ನಡವು ಪರಭಾಷೆಯ ಶಬ್ದವನ್ನು ತನ್ನ ನಾಲಗೆಗೆ ಒಗ್ಗಿಸಿಕೊಳ್ಳುವದಕ್ಕೆ ನಿಯಮವುಂಟು. ನಿಯಮವಿದ್ದಲ್ಲಿ ಅದು ಕೆಡುಕಲ್ಲ, ಸಂಸ್ಕಾರ. ಹೆಚ್ಚು ದೂರ ಹೋಗುವದೇಕೆ? ವೃಷಭನೆಂಬ ಸಂಸ್ಕೃತ ಶಬ್ದವು ಕನ್ನಡದ ಬಾಯಲ್ಲಿ ಬಸವನಾಯಿತು. ತದ್ಭವವು ಕೀಳೆನ್ನುವವರು ಮೊದಲು ಬಸವಣ್ಣನವರ ಹೆಸರನ್ನು ತಿದ್ದಲಿ, ಆಮೇಲೆ ನಿಂಗಪ್ಪನ ಮನೆಗೆ ಬರಲಿ. ಪೊನ್ನು ಹೊನ್ನಾದಂತೆ ಪೊನ್ನಮ್ಮನು ಹೊನ್ನಮ್ಮನಾದಳು. ಆ ಒಂದು ಹೆಸರಿನಲ್ಲಿ ಹಳಗನ್ನಡದಿಂದ ಹೊಸಗನ್ನಡಕ್ಕೆ ಬಂದ ದಾರಿಯೆಲ್ಲ ಇದೆ. ಅದನ್ನು ಬಿಟ್ಟು ಉಚ್ಚಾರಕ್ಕೆ ಬಾರದ, ಅರ್ಥವು ಇಟ್ಟವರಿಗೂ ತಿಳಿಯದ, ವ್ಯಂಜನದಲ್ಲಿ ಮುರಿದು ನಿಲ್ಲುವ ಹೆಸರನ್ನು ಶುದ್ಧವೆನ್ನುವದು ಯಾವ ವ್ಯಾಕರಣ?

ಇನ್ನು ಅಪ್ಪ ಅಮ್ಮ ಅಣ್ಣ ಅವ್ವಗಳ ಮಾತು. ಇವು ಬಾಲದಂತೆ ಹಿಂದೆ ಜೋತಾಡುತ್ತವೆಂದು ಕತ್ತರಿಸುವವರು ಬಹಳ. ಶರಣಬಸಪ್ಪನು ಶರಣ್ ಆಗುವನು; ಮಲ್ಲಪ್ಪನು ಮಲ್ಲು ಆಗುವನು. ಆದರೆ ಅಂದೇ ಹುಟ್ಟಿದ, ಮುಷ್ಟಿ ಬಿಚ್ಚದ ಕೂಸನ್ನು ಅಪ್ಪನೆಂದು, ಅವ್ವನೆಂದು ಕರೆಯುವ ನುಡಿಯ ಹಿರಿತನವನ್ನು ಎಂದಾದರೂ ಯೋಚಿಸಿದ್ದೀರಾ? ತಂದೆಯು ತನ್ನ ಮಗನಿಗೆ 'ಅಪ್ಪಾ' ಎನ್ನುತ್ತಾನೆ. ತಾಯಿಯು ಮಗಳಿಗೆ 'ಅವ್ವಾ' ಎನ್ನುತ್ತಾಳೆ. ಮುತ್ಯಾನು ಮೊಮ್ಮಗನಾಗಿ ಮರಳಿ ಬಂದನೆಂಬ ನಂಬಿಕೆಯಿಂದ ಅವನ ಹೆಸರನ್ನೇ ಇಟ್ಟು, ಸೊಸೆಯಾದವಳು ಮಾವನ ಹೆಸರು ಹಿಡಿದು ಕೂಸನ್ನು ಬೈಯಬಾರದೆಂದು ಬೇರೊಂದು ಕರೆಯುವ ಹೆಸರನ್ನೂ ಇಡುವ ಪದ್ಧತಿಯು ನಮ್ಮದು. ಎಷ್ಟು ನಾಜೂಕಾದ ಮರ್ಯಾದೆ! ಅಪ್ಪನನ್ನು ಹೆಸರಿನಿಂದ ಕತ್ತರಿಸಿದವನು ಆ ಮರ್ಯಾದೆಯ ಬೇರಿಗೇ ಕೊಡಲಿ ಹಾಕಿದನು.

ಮೂರನೆಯ ಆಕ್ಷೇಪವು ನಿಜಕ್ಕೂ ತೂಕವುಳ್ಳದ್ದು. ಅದಕ್ಕೆ ತಲೆಬಾಗಿಯೇ ಉತ್ತರಿಸಬೇಕು. ಎಲ್ಲರ ಹೆಸರಿಗೂ ಈ ಅಪ್ಪನು ದೊರೆತಿದ್ದನೇ? ಊರ ಗೌಡನು ಮಲ್ಲಪ್ಪ. ಕೇರಿಯ ದಲಿತನು ಮಲ್ಯಾ. ಸಾಹುಕಾರನು ಕಲ್ಲಪ್ಪ, ಅವನ ಜೀತದಾಳು ಕಲ್ಯಾ. ಒಂದೇ ದೇವರ ಹೆಸರು, ಒಂದೇ ತೊಟ್ಟಿಲ ಶಾಸ್ತ್ರ. ಆದರೆ ಗೌರವದ ಅಕ್ಷರವನ್ನು ಒಬ್ಬನಿಗೆ ಕೊಟ್ಟು ಮತ್ತೊಬ್ಬನಿಂದ ಕಿತ್ತುಕೊಂಡರು. ಅಂಥವನ ಮಗನು ಆ ಮೊಟಕು ಹೆಸರನ್ನು ಕಿತ್ತೊಗೆದು, ಬಾಬಾಸಾಹೇಬರ ನೆನಪಿಗೆ ಭೀಮರಾವನೆಂದೋ, ಬುದ್ಧನ ನೆನಪಿಗೆ ಗೌತಮನೆಂದೋ ಇಟ್ಟುಕೊಂಡರೆ ಅದು ನಾಚಿಕೆಯಲ್ಲ, ಸ್ವಾಭಿಮಾನ. ಅವನಿಗೆ ನಾನು ಒಂದು ಮಾತನ್ನೂ ಹೇಳಲಾರೆನು. ಹೇಳುವ ಅಧಿಕಾರವು ಯಾರಿಗೂ ಇಲ್ಲ. ನನ್ನ ಜಗಳವು ಅಪ್ಪನನ್ನು ಪಡೆದೂ ಬೇಡವೆಂದವರೊಡನೆ. ಕಸಿದುಕೊಂಡ ಗೌರವವನ್ನು ಬೇರೆ ಹೆಸರಿನಲ್ಲಿ ಗಳಿಸಿದವನೂ, ಇದ್ದ ಗೌರವವನ್ನು ಹಳ್ಳಿಯ ಕೊಳೆಯೆಂದು ತೊಳೆದುಕೊಂಡವನೂ ಒಂದೇ ಅಲ್ಲ. ಮೊದಲನೆಯವನು ತಲೆಯೆತ್ತಲು ಹೆಸರು ಬದಲಿಸಿದನು. ಎರಡನೆಯವನು ತಲೆ ಮರೆಸಲು ಬದಲಿಸಿದನು.

ನಾಲ್ಕನೆಯವರು ಹೇಳುವರು: ಹೆಸರಿನಿಂದ ಏನು ನಷ್ಟ? ಹೊಟ್ಟೆಗೆ ರೊಟ್ಟಿ ಮುಖ್ಯ. ಇವರಿಗೆ ಭಾವನೆಯ ಮಾತು ಬೇಡ. ಕೋರ್ಟು ಕಚೇರಿಯ ಮಾತನ್ನೇ ಹೇಳುವೆನು.

ಆಳಂದ ಅಫಜಲಪುರಗಳು ಬಹುಕಾಲ ಪಾಯಗಾ ಜಹಗೀರುಗಳಲ್ಲಿದ್ದವು. ಕಚೇರಿಯ ನುಡಿ ಮೊದಲು ಫಾರಸಿ, ೧೯ನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. ಆ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವದಿಲ್ಲ. ನಮ್ಮ ಣಕಾರ ಳಕಾರಗಳಿಗೆ ಅಕ್ಷರವಿಲ್ಲ. ಸಾಯಬಣ್ಣನೂ ಭೀಮಣ್ಣನೂ ಕಾರಕೂನನ ಲೇಖಣಿಯಿಂದ ಅರ್ಧ ಜೀವವಾಗಿ ಹೊರಬಿದ್ದರು. ಉರ್ದುವು ಸುಂದರವಾದ ಭಾಷೆ, ದೋಷವು ಅದರದಲ್ಲ. ಪ್ರಜೆಯ ಹೆಸರನ್ನು ಪ್ರಜೆಯ ಲಿಪಿಯಲ್ಲಿ ಬರೆಯಲೊಲ್ಲದ ಆಳಿಕೆಯ ದೋಷವದು. ಆ ಆಳಿಕೆಯು ಹೋಯಿತು. ೧೯೬೩ರ ಕಾಯಿದೆಯಿಂದ ಕನ್ನಡವು ರಾಜ್ಯದ ಆಡಳಿತ ಭಾಷೆಯಾಯಿತು. ಆಗ ತೊಂದರೆಯು ತೀರಬೇಕಾಗಿದ್ದಿತು. ಆದದ್ದೇನು? ರೋಮನ ಲಿಪಿಯು ಫಾರಸಿಯ ಗಾದಿಯ ಮೇಲೆ ಕುಳಿತಿತು. ಅದರಲ್ಲಿಯೂ ಣಕಾರ ನಕಾರಗಳಿಗೆ ಒಂದೇ ಅಕ್ಷರ. ಳಕಾರ ಲಕಾರಗಳಿಗೆ ಒಂದೇ ಅಕ್ಷರ. ಕನ್ನಡದ ಬಾಯಿಂದ ಹೊರಟ ಶರಣಪ್ಪನು ಇಂಗ್ಲಿಷ ಅಕ್ಷರಕ್ಕೆ ಹೋಗಿ, ಯಂತ್ರದಿಂದ ಮರಳಿ ಕನ್ನಡಕ್ಕೆ ಬರುವಷ್ಟರಲ್ಲಿ 'ಶರನಪ್ಪಾ' ಆಗಿರುತ್ತಾನೆ. ನಿಜಾಮನ ಕಾರಕೂನನು ಮಾಡಿದ್ದನ್ನೇ ನಮ್ಮ ಗಣಕಯಂತ್ರವು ಮಾಡುತ್ತಲಿದೆ. ಅಂದು ಸಿಟ್ಟಾದವರು ಇಂದು ಸಹಿ ಹಾಕುತ್ತಿದ್ದಾರೆ.

ಇದರ ಫಲವು ಹೊಲದ ಬದುವಿನವರೆಗೆ ಹೋ‌ಗುತ್ತದೆ. ನಮ್ಮ ಸೀಮೆಯ ದಸ್ತಾವೇಜುಗಳಲ್ಲಿ 'ಗುರಪ್ಪ ತಂದೆ ಶರಣಪ್ಪ' ಎಂದು ಬರೆಯುವದು ವಾಡಿಕೆ. ಮೊಮ್ಮಗನಿಗೆ ಮುತ್ಯಾನ ಹೆಸರಿಡುವದರಿಂದ ವಂಶಾವಳಿಯಲ್ಲಿ ಗುರಪ್ಪ ತಂದೆ ಶರಣಪ್ಪ, ಶರಣಪ್ಪ ತಂದೆ ಗುರಪ್ಪ, ಮತ್ತೆ ಗುರಪ್ಪ ತಂದೆ ಶರಣಪ್ಪ ಎಂದು ನೇಯ್ಗೆಯಂತೆ ಬರುತ್ತದೆ. ಪದ್ಧತಿಯು ಗೊತ್ತಿದ್ದವನಿಗೆ ಇದೊಂದು ಸ್ವಚ್ಛವಾದ ಸರಪಳಿ. ಎರಡು ಹೆಸರು ಗೊತ್ತಾದರೆ ಮೂರನೆಯದನ್ನು ಊಹಿಸಬಹುದು. ಆದರೆ ನಡುವಿನ ಒಬ್ಬನು ಪೇಟೆಗೆ ಹೋಗಿ ಶರಣಪ್ಪನಿಂದ ಶರದಕುಮಾರನಾದನೆನ್ನಿರಿ. ಸರಪಳಿಯ ಕೊಂಡಿ ಕಳಚಿತು. ೨೦೦೦ದ ಸುಮಾರಿಗೆ ಕೈಬರಹದ ಪಹಣಿಗಳು 'ಭೂಮಿ' ಯೋಜನೆಯಲ್ಲಿ ಗಣಕಯಂತ್ರಕ್ಕೆ ಏರಿದವು. ೨೦೨೪ರಲ್ಲಿ ಪಹಣಿಗೆ ಆಧಾರವನ್ನು ಜೋಡಿಸುವ ಕೆಲಸವು ನಡೆಯಿತು. ಪಹಣಿಯಲ್ಲಿ ಒಂದು ಹೆಸರು, ಆಧಾರದಲ್ಲಿ ಒಂದು, ಶಾಲೆಯ ದಾಖಲೆಯಲ್ಲಿ ಮತ್ತೊಂದು. ಯಂತ್ರಕ್ಕೆ ಊರ ಹಿರಿಯರ ಸಾಕ್ಷಿ ಗೊತ್ತಿಲ್ಲ. ಆಮೇಲೆ ಪ್ರಮಾಣಪತ್ರ, ಪತ್ರಿಕೆಯಲ್ಲಿ ಜಾಹೀರಾತು, 'ಉರ್ಫ' ಎಂಬ ಒಂದು ಶಬ್ದವನ್ನು ಸೇರಿಸುವದಕ್ಕಾಗಿ ತಾಲೂಕು ಕಚೇರಿಗೆ ಹತ್ತು ಅಲೆದಾಟ. ಹೆಸರಿನಿಂದ ರೊಟ್ಟಿಗೆ ಸಂಬಂಧವಿಲ್ಲವೆಂದವರು ಒಮ್ಮೆ ಆ ಸಾಲಿನಲ್ಲಿ ನಿಂತು ಬರಲಿ.

ಹೆಣ್ಣುಮಕ್ಕಳ ಸ್ಥಿತಿಯು ಇದಕ್ಕಿಂತ ಕಠಿಣವಾದದ್ದು. ಮದುವೆಯಲ್ಲಿ ಸೊಸೆಯ ಹೆಸರನ್ನೇ ಬದಲಿಸುವ ರೂಢಿಯು ಉತ್ತರ ಕರ್ನಾಟಕದ ಅನೇಕ ಮನೆತನಗಳಲ್ಲಿ ಇದ್ದಿತು. ಕೆಲವೆಡೆ ಇನ್ನೂ ಇದೆ. ತವರಿನ ಭಾಗಮ್ಮನು ಗಂಡನ ಮನೆಯಲ್ಲಿ ಲಕ್ಷ್ಮೀಬಾಯಿಯಾದಳು. ವಂಶಾವಳಿಯಲ್ಲಿ ಅವಳು ಇಬ್ಬರಾದಳು. ಇಬ್ಬರಾದದ್ದರಿಂದ ಎಲ್ಲಿಯೂ ಇಲ್ಲದಾದಳು. ೨೦೦೫ರ ತಿದ್ದುಪಡಿಯು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಹಕ್ಕನ್ನು ಕೊಟ್ಟಿತು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು ೨೦೨೦ರಲ್ಲಿ ಸುಪ್ರೀಮ ಕೋರ್ಟು ತೀರ್ಪಿತ್ತಿತು. ಆದರೆ ಹಕ್ಕನ್ನು ಕೇಳಲು ಬಂದ ಲಕ್ಷ್ಮೀಬಾಯಿಯು ತಾನೇ ಆ ಭಾಗಮ್ಮನೆಂದು ಮೊದಲು ರುಜುವಾತು ಮಾಡಬೇಕು. ಅಣ್ಣತಮ್ಮಂದಿರು ಮೌನವಾಗಿ ನಿಂತರೆ ಸಾಕು, ಕಾಯಿದೆ ಕೊಟ್ಟದ್ದನ್ನು ಹೆಸರು ಕಸಿದುಕೊಳ್ಳುತ್ತದೆ. ಹುಟ್ಟಿದ ಹೆಸರನ್ನು ಉಳಿಸಿಕೊಳ್ಳುವದು ಹೆಣ್ಣಿಗೆ ಬರಿಯ ಅಭಿಮಾನದ ಮಾತಲ್ಲ. ಅದು ಅವಳ ಪಾಲಿನ ಮೇರೆಗಲ್ಲು.

ಹೀಗಿರಲು ಮಾಡತಕ್ಕದ್ದೇನು? ಎಲ್ಲರೂ ಮಕ್ಕಳಿಗೆ ತಿಪ್ಪಣ್ಣನೆಂದೇ ಹೆಸರಿಡಿರೆಂದು ನಾನು ಫರಮಾನು ಹೊರಡಿಸುವದಿಲ್ಲ. ಫರಮಾನುಗಳ ಕಾಲವು ೧೯೪೮ಕ್ಕೇ ಮುಗಿಯಿತು. ಹೆತ್ತವರ ಹಕ್ಕು ಹೆತ್ತವರದು. ನಾನು ಕೇಳುವದು ನಾಲ್ಕು ಕೆಲಸ.

ಒಂದು: ಕೂಸಿಗೆ ಬೇಕಾದ ಹೆಸರಿಡಿರಿ; ಆದರೆ ಮುತ್ಯಾನದೋ ಆಯಿಯದೋ ಹೆಸರನ್ನು ಅದರೊಡನೆ ಕೂಡಿಸಿ, ಜನನ ಪ್ರಮಾಣಪತ್ರದಲ್ಲಿಯೇ ಬರೆಯಿಸಿರಿ. ಯಾಜ್ಞವಲ್ಕ್ಯಸ್ಮೃತಿಯು ಹನ್ನೊಂದನೆಯ ದಿನಕ್ಕೆ ಹೆಸರಿಡಬೇಕೆಂದಿತು. ಆ ಸ್ಮೃತಿಗೆ 'ಮಿತಾಕ್ಷರಾ' ಬರೆದ ವಿಜ್ಞಾನೇಶ್ವರನನ್ನು ನಮ್ಮ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಈ ನಾಡು ಹೆಮ್ಮೆಪಡುತ್ತದೆ. ಈಗಿನ ೧೯೬೯ರ ಕಾಯಿದೆಯು ಅಷ್ಟು ಅವಸರ ಮಾಡುವದಿಲ್ಲ. ಹೆಸರಿಲ್ಲದೆ ಜನನವನ್ನು ನೋಂದಿಸಿ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ, ಆಮೇಲೆ ಹದಿನೈದು ವರ್ಷದವರೆಗೆ ಶುಲ್ಕ ಕೊಟ್ಟು, ಹೆಸರನ್ನು ಸೇರಿಸಬಹುದು. ೨೦೨೩ರ ಅಕ್ಟೋಬರ ೧ರಿಂದ ಹುಟ್ಟಿದವರಿಗಂತೂ ಹುಟ್ಟಿದ ದಿನ ಸ್ಥಳಗಳಿಗೆ ಆ ಪತ್ರವೇ ಆಧಾರ. ದವಾಖಾನೆಯ ಮೇಜಿನ ಮೇಲೆ ಅವಸರದಲ್ಲಿ ಬಿದ್ದ ಒಂದು ಅಕ್ಷರವು ಕೂಸಿನ ಜೀವಮಾನವೆಲ್ಲ ಬೆನ್ನು ಹತ್ತುವದು. ಆದುದರಿಂದ ಮನೆಗೆ ಬಂದು, ಹಿರಿಯರನ್ನು ಕೇಳಿ, ಮನಸ್ಸು ಮಾಡಿ ಬರೆಯಿಸಿರಿ.

ಎರಡು: ಕಚೇರಿಯಲ್ಲಿ ಕನ್ನಡದ ಬರಹವು ಮೊದಲು, ಇಂಗ್ಲಿಷಿನದು ಆಮೇಲೆ. ಹೆಸರನ್ನು ಹೊತ್ತವನ ಬಾಯಿಂದ ಕೇಳಿ ಕನ್ನಡದಲ್ಲಿ ಬರೆಯಬೇಕು. ಯಂತ್ರದ ಅನುವಾದವನ್ನು ಒಪ್ಪಬಾರದು. ತಪ್ಪು ಬರೆದರೆ ಸಹಿ ಹಾಕದೆ ಅಲ್ಲಿಯೇ ತಿದ್ದಿಸಿರಿ. ಇದಕ್ಕೆ ಹೊಸ ಕಾಯಿದೆ ಬೇಡ. ಸ್ವಲ್ಪ ಹಟ ಸಾಕು.

ಮೂರು: ಪ್ರತಿಯೊಂದು ಮನೆಯೂ ಈ ವರ್ಷ ತನ್ನ ವಂಶಾವಳಿಯನ್ನು ಒಂದು ಹಾಳೆಯ ಮೇಲೆ ಬರೆಯಲಿ. ಕರೆಯುವ ಹೆಸರು, ಕಾಗದದ ಹೆಸರು, ಹೆಣ್ಣುಮಕ್ಕಳ ತವರ ಹೆಸರು, ಗಂಡನ ಮನೆಯ ಹೆಸರು, ಯಾವ ದೇವರ ಹರಕೆಯೆಂಬುದು, ಎಲ್ಲವೂ ಬರಲಿ. ಎಂಬತ್ತು ದಾಟಿದ ಆಯಿಗಳು ಇರುವಾಗಲೇ ಇದಾಗಬೇಕು. ಅವರೊಡನೆ ಹೋದ ಹೆಸರು ಯಾವ ಕಚೇರಿಯ ನಕಲಿನಲ್ಲಿಯೂ ಸಿಕ್ಕುವದಿಲ್ಲ.

ನಾಲ್ಕು: ಆಳಂದ ತಾಲೂಕಿನ ಕಡಗಂಚಿಯಲ್ಲಿ ೨೦೦೯ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಕಲಬುರಗಿಯಲ್ಲಿ ೧೯೮೦ರ ವಿಶ್ವವಿದ್ಯಾಲಯವಿದೆ. ಊರೂರಿನ ಹೆಸರುಗಳನ್ನು ಕೂಡಿಸಿ, ಅವುಗಳ ಮೂಲವನ್ನು ಶೋಧಿಸಿ, ಮೂರು ತಾಲೂಕುಗಳ ಒಂದು ನಾಮಕೋಶವನ್ನು ಕೊಡುವದು ಇವುಗಳಿಗೆ ಭಾರವಾದ ಕೆಲಸವಲ್ಲ. ಗಡಿಯಾಚೆಯ ಅಕ್ಕಲಕೋಟೆ, ಜತ್ತ, ದಕ್ಷಿಣ ಸೋಲಾಪುರಗಳ ಹಳ್ಳಿಗಳನ್ನೂ ಅದರಲ್ಲಿ ಸೇರಿಸಲಿ. ಆಯೋಗಗಳು ಮಾಡಲಾರದ ಏಕೀಕರಣವನ್ನು ಆ ಒಂದು ಪುಸ್ತಕವು ಮಾಡೀತು.

ಕೊನೆಗೆ ಒಂದು ಮಾತು. ನಮ್ಮನ್ನು ಬಿಡುಗಡೆ ಮಾಡಿದವರ, ಒಂದುಗೂಡಿಸಿದವರ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿರಿ. ಕೊಲ್ಲೂರು ಮಲ್ಲಪ್ಪ. ಸರದಾರ ಶರಣಗೌಡ ಇನಾಮದಾರ. ಅಂದಾನಪ್ಪ ದೊಡ್ಡಮೇಟಿ. ೧೯೫೩ರಲ್ಲಿ ಏಕೀಕರಣಕ್ಕಾಗಿ ಅನ್ನ ಬಿಟ್ಟು ಮಲಗಿದ ಅದರಗುಂಚಿ ಶಂಕರಗೌಡ. ಅಪ್ಪನಿದ್ದಾನೆ, ಗೌಡನಿದ್ದಾನೆ, ಊರಿನ ಹೆಸರಿದೆ. ಒಂದೂ ಪುಸ್ತಕದ ಹೆಸರಲ್ಲ. ಜೈಲಿನ ಬಾಗಿಲಲ್ಲಿ ಮಲ್ಲಪ್ಪನೆಂಬ ಹೆಸರು ಹಳ್ಳಿಯದೆಂದು ಯಾರೂ ನಾಚಲಿಲ್ಲ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಾವು ನಮ್ಮ ತಂದೆತಾಯಿಗಳ ಹೆಸರಿಗೂ ಹಚ್ಚಿದೆವು. 'ಹೆಸರಿಗೆ ಕ್ಷೀರಸಾಗರ ಭಟ್ಟ, ಮಜ್ಜಿಗೆ ನೀರಿಗೂ ತತ್ವಾರ' ಎಂಬ ಇನ್ನೊಂದು ಗಾದೆಯುಂಟು. ಪರದೇಶದ ಥಳಕಿನ ಹೆಸರನ್ನು ಹೊತ್ತು, ಅದರ ಅರ್ಥವನ್ನು ಕೇಳಿದರೆ ತಡವರಿಸುವ ಮಕ್ಕಳನ್ನು ಬೆಳೆಸುವ ನಮಗೆ ಅದು ಹೆಚ್ಚು ಒಪ್ಪುತ್ತದೆ. ಇಂದು ಮನೆಗೆ ಹೋದವರು ತಮ್ಮ ಮುತ್ಯಾನ ಮುತ್ಯಾನ ಹೆಸರೇನೆಂದು ಮನೆಯ ಹಿರಿಯರನ್ನು ಕೇಳಿರಿ. ಉತ್ತರ ಬಂದರೆ ಬರೆದಿಡಿರಿ. ಬಾರದಿದ್ದರೆ, ನೆರೆಮನೆಯ ಹಿರಿಯರನ್ನು ಕೇಳಿರಿ, ಆದರೆ ತಡಮಾಡಬೇಡಿರಿ.